ಎರಿ ನೆಲಕ್ಕೆ ಮರುಭೂಮಿಯ ಹಣೆಪಟ್ಟಿ

ವಿಜಯಪುರ ಜಿಲ್ಲೆಯ ಬಗ್ಗೆ ಮಾತಾಡಲು ಎದ್ದು ನಿಂತವರೆಲ್ಲ ಒಂದೇ ವಾಕ್ಯದಿಂದ ಶುರು ಮಾಡುತ್ತಾರೆ: ಇದು ಬರದ ನಾಡು. ಸ್ವಲ್ಪ ಆವೇಶ ಬಂದರೆ ಕರ್ನಾಟಕದ ರಾಜಸ್ಥಾನ ಎನ್ನುತ್ತಾರೆ, ಇನ್ನಷ್ಟು ಬಂದರೆ ಮರುಭೂಮಿ. ಚುನಾವಣೆ ಹತ್ತಿರವಿದ್ದರೆ ಅದಕ್ಕೊಂದು ಬಾಲ ಅಂಟುತ್ತದೆ: ಕಾಲುವೆಗೆ ನೀರು ಹರಿಸಿ ಈ ಜಿಲ್ಲೆಯನ್ನು ಪಂಜಾಬ್ ಮಾಡುತ್ತೇವೆ. ಮಂತ್ರಿಗಳ ಭಾಷಣ, ರೈತ ಸಂಘಟನೆಗಳ ಮನವಿಪತ್ರ, ಪತ್ರಿಕೆಗಳ ವಿಶೇಷ ಪುರವಣಿ, ಶಾಲೆಯ ಪ್ರಬಂಧ ಸ್ಪರ್ಧೆ ಎಲ್ಲ ಕಡೆಯೂ ಇದೇ ಪಾಠ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಜನ ಇದನ್ನು ಎಷ್ಟು ಸಲ ಕೇಳಿದ್ದಾರೆಂದರೆ, ಈಗ ಕೇಳದೆಯೇ ತಾವಾಗಿ ಒಪ್ಪಿಸುತ್ತಾರೆ. ಮನಗೂಳಿಯ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಎದೆಯೆತ್ತರ ನಿಂತ ಜೋಳದ ನಡುವೆ ನಿಂತುಕೊಂಡೇ "ನಮ್ಮದು ಬರಗಾಲದ ಸೀಮಿ ನೋಡ್ರಿ" ಎನ್ನುವವರಿದ್ದಾರೆ.

ಈ ವಾದಕ್ಕೆ ಮೂರು ಕಾಲು. ಒಂದು, ಪ್ರಕೃತಿ ಈ ನೆಲಕ್ಕೆ ಮೋಸ ಮಾಡಿದೆ. ಎರಡು, ಇಲ್ಲಿನ ಜನ ಇಷ್ಟು ಶತಮಾನ ಮಾಡಿದ್ದೆಲ್ಲ ಗತಿಯಿಲ್ಲದೆ ಮಾಡಿದ್ದು. ಮೂರು, ಹೊರಗಿನಿಂದ ನೀರು ತಂದು ಸುರಿದರೆ ಮಾತ್ರ ಉದ್ಧಾರ. ಮೂರೂ ತಪ್ಪು. ಮೊದಲಿನ ಎರಡು ಬರೀ ಅಜ್ಞಾನ, ಮೂರನೆಯದು ಅಪಾಯ. ಮರುಭೂಮಿಯಲ್ಲದ ನೆಲವನ್ನು ನಿಜವಾಗಿಯೂ ಮರುಭೂಮಿ ಮಾಡುವ ಶಕ್ತಿ ಅದಕ್ಕಿದೆ.

ಮೊದಲು ಲೆಕ್ಕ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಸಾಮಾನ್ಯವಾಗಿ ಮರುಭೂಮಿ ಎಂದು ಎಣಿಸುತ್ತಾರೆ. ಜೈಸಲ್ಮೇರಿನಲ್ಲಿ ಬೀಳುವುದು ಹೆಚ್ಚುಕಡಿಮೆ 200 ಮಿಲಿಮೀಟರ್. ವಿಜಯಪುರ ಜಿಲ್ಲೆಯ ಸರಾಸರಿ 550ರಿಂದ 600 ಮಿಲಿಮೀಟರ್. ಇದನ್ನು ಹೊಲದ ಭಾಷೆಗೆ ತಂದರೆ, ಸರಾಸರಿ ಮಳೆಯಾದ ವರ್ಷ ಒಂದೊಂದು ಎಕರೆಯ ಮೇಲೂ 22 ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಯಾವ ಕಾಲುವೆಯನ್ನೂ, ಯಾವ ಏತ ನೀರಾವರಿಯನ್ನೂ ಕೇಳದೆ, ಕರೆಂಟ್ ಬಿಲ್ ಇಲ್ಲದೆ ಬೀಳುವ ನೀರು ಇದು. ಎಲ್ಲ ವರ್ಷ ಹೀಗೆ ಬೀಳುವುದಿಲ್ಲ, ಬಿದ್ದದ್ದೂ ಸರಿಯಾದ ಹೊತ್ತಿಗೆ ಬೀಳುವುದಿಲ್ಲ, ನಿಜ. ಆದರೆ ಮಳೆ ಕೈಕೊಡುವ ನೆಲ ಬೇರೆ, ಮಳೆಯೇ ಇಲ್ಲದ ನೆಲ ಬೇರೆ. ಕೈಕೊಡುವ ಮಳೆಯನ್ನು ಹೇಗೆ ಹಿಡಿಯಬೇಕು ಎಂಬುದೇ ಈ ಸೀಮೆಯ ವಿದ್ಯೆ.

ಆ ವಿದ್ಯೆ ನೆಲದ ಒಳಗಿದೆ. ಒಂದು ಮೀಟರ್ ಆಳದ ಎರಿ ಮಣ್ಣು 150ರಿಂದ 200 ಮಿಲಿಮೀಟರಿನಷ್ಟು ನೀರನ್ನು ಬೆಳೆಯ ಬೇರಿಗೆ ಸಿಗುವಂತೆ ಹಿಡಿದಿಡಬಲ್ಲದು. ಅದಕ್ಕಾಗಿಯೇ ಇಲ್ಲಿನ ರೈತ ಮುಂಗಾರಿಯಲ್ಲಿ ಎರಿ ಹೊಲವನ್ನು ಬಿತ್ತದೆ ಖಾಲಿ ಬಿಡುತ್ತಿದ್ದ. ಹೊರಗಿನಿಂದ ಬಂದ ಅಧಿಕಾರಿಗೆ ಅದು ಪಾಳು ಬಿದ್ದ ನೆಲ, ಸೋಮಾರಿಯ ಹೊಲ. ರೈತನಿಗೆ ಅದು ನೀರು ತುಂಬುತ್ತಿರುವ ಕೆರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿದ್ದಾಗಲೆಲ್ಲ ಕುಂಟೆ ಹೊಡೆದು, ಕಸ ಕಿತ್ತು, ಒಡ್ಡು ಸರಿಪಡಿಸಿ, ನೀರು ಒಳಗಿಳಿಯಲು ಬಾಯಿ ತೆರೆದಿಡುತ್ತಿದ್ದ. ಉತ್ತರಿ, ಹಸ್ತ, ಚಿತ್ತಿ ಮಳೆಗಳ ನಡುವೆ ಹದ ನೋಡಿ ಕೂರಿಗೆಯಲ್ಲಿ ಬಿಳಿಜೋಳ ಬಿತ್ತುತ್ತಿದ್ದ. ಆಮೇಲೆ ಫೆಬ್ರುವರಿ ಮಾರ್ಚಿನ ಕೊಯ್ಲಿನವರೆಗೆ ಒಂದು ಹನಿ ಮಳೆ ಬೀಳದಿದ್ದರೂ ಬೆಳೆ ನಡೆಯುತ್ತಿತ್ತು. ಎಳ್ಳಮಾವಾಸ್ಯೆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರಲ್ಲ, ಆ ಹೊತ್ತಿಗೆ ಮಳೆ ನಿಂತು ಎರಡು ತಿಂಗಳಾಗಿರುತ್ತದೆ. ಹೊಲ ಮಾತ್ರ ಹಸಿರು. ಆ ಹಸಿರಿನ ನೀರು ಎಲ್ಲಿಂದ ಬಂತು ಎಂದು ಬರದ ಭಾಷಣಕಾರರು ಒಮ್ಮೆಯೂ ಕೇಳುವುದಿಲ್ಲ.

ಇಲ್ಲಿ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ನವೆಂಬರ್ ಕೊನೆಗೆ ಎರಿ ಮಣ್ಣು ಒಣಗುತ್ತ ಕುಗ್ಗುತ್ತದೆ, ಜೋಳದ ಸಾಲುಗಳ ನಡುವೆ ಬಿರುಕು ಬಿಡಲು ಶುರುವಾಗುತ್ತದೆ. ಬಿರುಕು ಎಂದರೆ ಒಳಗಿನ ತೇವ ಹಾರಿಹೋಗುವ ಬಾಗಿಲು. ರೈತ ಎಡೆಕುಂಟೆ ಹೂಡಿ ಸಾಲಿನ ನಡುವೆ ಎಡೆ ಹೊಡೆಯುತ್ತಾನೆ. ಮೇಲಿನ ಎರಡು ಬೆರಳಿನಷ್ಟು ಮಣ್ಣು ಸಡಿಲವಾಗಿ, ಪುಡಿಯಾಗಿ, ಬಿರುಕಿನೊಳಗೆ ಬಿದ್ದು ಮುಚ್ಚಿಕೊಳ್ಳುತ್ತದೆ. ಉಳಿದ ಪುಡಿ ಹೊದಿಕೆಯಾಗಿ ಮೇಲೆ ಕೂಡುತ್ತದೆ. ಮತ್ತೆ ಬಿರುಕು ಕಂಡರೆ ಮತ್ತೆ ಎಡೆ. ಕಸ ತೆಗೆಯಲು ಎಡೆ ಹೊಡೆಯುತ್ತಾರೆ ಎಂದು ಪುಸ್ತಕ ಓದಿದವರು ತಿಳಿಯುತ್ತಾರೆ. ಕಸವೇ ಇಲ್ಲದ ಹೊಲದಲ್ಲೂ ಎಡೆ ಹೊಡೆಯುವುದೇಕೆ ಎಂದು ಬಾಗೇವಾಡಿಯ ಯಾವ ಒಕ್ಕಲಿಗನನ್ನು ಕೇಳಿದರೂ ಹೇಳುತ್ತಾನೆ. ಒಂದು ಜೊತೆ ಎತ್ತು, ಒಂದು ಮರದ ಕುಂಟೆ, ಒಂದು ಕಬ್ಬಿಣದ ಕುಡ ಇಟ್ಟುಕೊಂಡು ನೆಲದೊಳಗಿನ ನೀರಿಗೆ ಬೀಗ ಹಾಕುವ ಕೌಶಲ ಇದು. ನೀರಾವರಿ ಇಲಾಖೆಯ ಯಾವ ದಾಖಲೆಯಲ್ಲೂ ಇದಕ್ಕೆ ಕಾಲಂ ಇಲ್ಲ.

ಸರ್ಕಾರಕ್ಕೆ ಇದು ಗೊತ್ತೇ ಇರಲಿಲ್ಲ ಎನ್ನುವಂತೆಯೂ ಇಲ್ಲ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಶುರುವಾದ ಮೊದಲ ಕೇಂದ್ರಗಳಲ್ಲಿ ಸೊಲ್ಲಾಪುರ, ಹಗರಿ, ರಾಯಚೂರುಗಳ ಸಾಲಿಗೆ ವಿಜಯಪುರವೂ ಸೇರಿತ್ತು. ಇಂದು ಹಿಟ್ಟಿನಹಳ್ಳಿಯಲ್ಲಿರುವ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರ ಹೇಳುವ ಚೌಕುಮಡಿ ಪದ್ಧತಿ, ಅಂದರೆ ಮುಂಗಾರಿಯಲ್ಲೇ ಹೊಲದ ತುಂಬ ಸಣ್ಣ ಸಣ್ಣ ಚೌಕದ ಬದು ಹಾಕಿ ಬಿದ್ದ ನೀರನ್ನು ಬಿದ್ದಲ್ಲೇ ಇಂಗಿಸುವುದು, ಇದೇ ಹಳೆಯ ಬುದ್ಧಿಯ ತಿದ್ದಿದ ರೂಪ. ಸಂಶೋಧನೆ ಇದೆ, ಅನುಭವ ಇದೆ, ಮಾಲದಂಡಿಯಂಥ ತಳಿ ಇದೆ. ಇಲ್ಲದಿರುವುದು ಇವುಗಳಿಗೆ ಮರ್ಯಾದೆ.

ಎರಡನೆಯ ಕಾಲಿಗೆ ಬರೋಣ. ಇಲ್ಲಿನ ಜನರ ಬದುಕು ನೀರಿಲ್ಲದವರ ಪರದಾಟವಷ್ಟೇ ಎನ್ನುವವರು ಹಗೇವಿನ ಬಾಯಿ ತೆಗೆದು ನೋಡಬೇಕು. ಮನೆಯ ಮುಂದೆಯೋ ಅಂಗಳದಲ್ಲೋ ಆಳುದ್ದ ಎರಡಾಳುದ್ದ ಗುಂಡಿ, ಬಾಯಿ ಸಣ್ಣ, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ, ಗೋಡೆಗೆ ಹುಲ್ಲು ಒತ್ತಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿ ಸತ್ತು ಹುಳ ಬದುಕುತ್ತಿರಲಿಲ್ಲ. ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಬಾಯಿ ತೆರೆದು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಈ ಎಚ್ಚರ ತಪ್ಪಿ ಜೀವ ಹೋದದ್ದೂ ಉಂಟು. ಬರ ಬರುತ್ತದೆ ಎಂದು ಗೊತ್ತಿದ್ದ ಸಮಾಜ ಬರವನ್ನು ದಾಟಲು ಕಟ್ಟಿಕೊಂಡ ಬ್ಯಾಂಕು ಇದು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಹಗೇವು ತೋಡಿದರೆ ಮೊದಲ ಮಳೆಗಾಲಕ್ಕೇ ಕಾಳು ಮೊಳಕೆಯೊಡೆಯುತ್ತದೆ. ಒಣ ನೆಲ, ಆಳದಲ್ಲಿರುವ ಅಂತರ್ಜಲ ಎರಡೂ ಇದ್ದರೆ ಮಾತ್ರ ಹಗೇವು. ಅಂದರೆ ಯಾವುದನ್ನು ಕೊರತೆ ಎಂದು ಎಲ್ಲರೂ ಎಣಿಸುತ್ತಿದ್ದಾರೋ ಅದನ್ನೇ ಬಂಡವಾಳ ಮಾಡಿಕೊಂಡ ಕಸುಬು ಇದು.

ಹುಡುಕಿದರೆ ಇಲ್ಲಿನ ಕಸುಬುಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಮಾಳಿಗೆ ಮನೆಗಳ ಮೇಲೆ ಹರಡುವ ಕರ್ಲ ಮಣ್ಣು ಸವಳು ಮಣ್ಣು. ಬೆಳೆಗೆ ಬಾರದ ಆ ಮಣ್ಣು ನೆನೆದಾಗ ಬಿಗಿದುಕೊಂಡು ನೀರು ಇಳಿಯಗೊಡುವುದಿಲ್ಲ, ಬಿಸಿಲಿಗೆ ಮನೆಯನ್ನು ತಂಪಾಗಿಡುತ್ತದೆ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದೆ ನಿಲ್ಲುವುದು ಒಣ ಹವೆಯ ದೆಸೆಯಿಂದ. ಮಂಗಳೂರಿನಲ್ಲಿ ಅದೇ ರೊಟ್ಟಿ ಎರಡು ದಿನಕ್ಕೆ ಮೆತ್ತಗಾಗುತ್ತದೆ. ಕೊಲ್ಹಾರದ ಗಡಿಗೆ ಮೊಸರಿಗೆ ಹೆಸರು ಬಂದದ್ದು ಎಮ್ಮೆಯ ಹಾಲಿನಿಂದ ಮಾತ್ರವಲ್ಲ, ಕುಂಬಾರನ ಗಡಿಗೆಯಿಂದಲೂ. ಸುಟ್ಟ ಮಣ್ಣು ಮೊಸರಿನ ನೀರನ್ನು ಹೀರಿ ಹೊರಮೈಗೆ ತರುತ್ತದೆ, ಒಣ ಗಾಳಿ ಅದನ್ನು ಎಳೆದುಕೊಳ್ಳುತ್ತದೆ, ಗಡಿಗೆ ತಣ್ಣಗಾಗುತ್ತದೆ, ಮೊಸರು ಗಟ್ಟಿಯಾಗುತ್ತದೆ. ಕುರುಬರ ಕರಿ ಕಂಬಳಿಯ ಹಿಂದೆ ಇರುವುದು ಕುರುಚಲಿನ ಮೇವಿನಲ್ಲೇ ಬದುಕುವ ದಖನಿ ಕುರಿ. ಆ ಕುರಿಯ ಹಿಂದೆ ಇರುವುದು ಬೆಳೆ ತೆಗೆದ ಮೇಲೆ ಖಾಲಿ ಬಿಟ್ಟ ಹೊಲ. ಹಿಂಡು ಹೊಲದಲ್ಲಿ ತಂಗಿದರೆ ರೈತನಿಗೆ ಗೊಬ್ಬರ, ಕುರುಬನಿಗೆ ಕಾಳು, ಮಗ್ಗಕ್ಕೆ ಉಣ್ಣೆ, ಹಾಸು ನೂಲಿಗೆ ಹುಣಸೆ ಬೀಜದ ಗಂಜಿ. ಒಂದನ್ನು ಕಿತ್ತರೆ ಉಳಿದವೂ ಕಳಚಿಕೊಳ್ಳುತ್ತವೆ. ವರ್ಷವಿಡೀ ಕಬ್ಬು ನಿಂತ ಹೊಲದಲ್ಲಿ ಹಿಂಡಿಗೆ ಜಾಗವೆಲ್ಲಿ?

ನಿಜವಾದ ಮರುಭೂಮಿಯ ಜನರಾದರೂ ಹೇಗೆ ಬದುಕಿದರು ಎಂಬುದು ಈ ಭಾಷಣಕಾರರಿಗೆ ಗೊತ್ತಿದೆಯೇ? ಓಯಸಿಸ್ ಎಂದರೆ ಮರಳಿನ ನಡುವೆ ದೇವರು ಇಟ್ಟ ಹೊಂಡ, ಅದರ ಸುತ್ತ ನಾಲ್ಕು ಖರ್ಜೂರದ ಮರ ಎಂಬ ಸಿನಿಮಾ ಚಿತ್ರ ನಮ್ಮ ತಲೆಯಲ್ಲಿದೆ. ದೊಡ್ಡ ಓಯಸಿಸ್‌ಗಳು ಬಹುಪಾಲು ಮನುಷ್ಯ ತೋಡಿದವು. ಚೀನಾದ ಶಿನ್‌ಜಿಯಾಂಗಿನಲ್ಲಿರುವ ತುರ್ಪಾನಿಗೆ ವರ್ಷಕ್ಕೆ ಬೀಳುವ ಮಳೆ 20 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಬೆಟ್ಟದ ಬುಡದ ನೀರನ್ನು ನೆಲದಡಿಯ ಸುರಂಗದಲ್ಲಿ, ಬಿಸಿಲಿಗೆ ಹಾರದಂತೆ, ಇಳಿಜಾರಿನ ಬಲದಿಂದಲೇ ಊರಿಗೆ ತರುತ್ತಾರೆ. ಅದಕ್ಕೆ ಕರೇಜ್ ಎಂದು ಹೆಸರು. ಅದರ ನೀರಿನಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ತೂತು ಬಿಟ್ಟು ಕಟ್ಟಿದ ಇಟ್ಟಿಗೆಯ ಮನೆಗಳಲ್ಲಿ ಬಿಸಿಗಾಳಿಗೆ ಒಣಗಿಸಿ ಒಣದ್ರಾಕ್ಷಿ ಮಾಡುತ್ತಾರೆ. ಅಲ್ಜೀರಿಯಾದ ಸಹಾರಾದಲ್ಲಿ ಇಂಥದ್ದೇ ಸುರಂಗದ ನೀರು ಊರಿಗೆ ಬಂದ ಕೂಡಲೇ ಬಾಚಣಿಗೆಯಂತೆ ಕೊರೆದ ಕಲ್ಲಿನ ಮೂಲಕ ಹಾಯ್ದು ಪಾಲುಪಾಲಾಗುತ್ತದೆ. ಯಾರ ತೋಟಕ್ಕೆ ಎಷ್ಟು ಎಂಬುದು ಊರಿನ ದಫ್ತರದಲ್ಲಿರುತ್ತದೆ. ಓಯಸಿಸ್ಸನ್ನು ನಡೆಸುವುದು ನೀರಿನ ಪ್ರಮಾಣವಲ್ಲ, ನೀರಿನ ಕಟ್ಟಳೆ.

ಈಗ ವಿಜಯಪುರಕ್ಕೆ ತಿರುಗಿ ನೋಡಿ. ಅದೇ ಕರೇಜ್ ಇಲ್ಲೂ ಇದೆ. ಹದಿನಾರನೆಯ ಶತಮಾನದಲ್ಲಿ ಆದಿಲ್‌ಶಾಹಿಗಳು ಪರ್ಷಿಯಾದ ವಿದ್ಯೆಯನ್ನು ದಖನ್ನಿನ ಕಲ್ಲಿಗೆ ಇಳಿಸಿ, ಪಶ್ಚಿಮದ ತೊರವಿಯಿಂದ ನಗರದ ಕಡೆಗೆ ಸುರಂಗ ಕೊರೆಸಿದರು. 1579ರಲ್ಲಿ ಚಾಂದ್ ಬಾವಡಿ, 1620ರಲ್ಲಿ ತಾಜ್ ಬಾವಡಿ ಎಂಬ ಬಾವಿಗಳು, 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ. ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರ. ಅದರೊಳಗೆ ಏರಿ ಇಳಿಯುವಾಗ ನೀರಿನ ಒತ್ತಡ ತಗ್ಗುತ್ತಿತ್ತು, ಕೆಸರು ತಳಕ್ಕೆ ಕೂರುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ಗೋಳಗುಮ್ಮಟದ ಪಿಸುಮಾತು ಕೇಳಲು ಬರುವ ಲಕ್ಷಾಂತರ ಪ್ರವಾಸಿಗರಲ್ಲಿ ಈ ಗಂಜ್‌ಗಳ ಮುಂದೆ ನಿಂತು ನೋಡಿದವರು ಎಷ್ಟು ಮಂದಿ? ಗುಮ್ಮಟ ಕಟ್ಟಿದ ಊರಿಗೆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನಮ್ಮ ಪಠ್ಯಪುಸ್ತಕ ಕೇಳಲಿಲ್ಲ. ನಾವು ಆ ಬಾವಡಿಗಳಿಗೆ ಕಸ ಸುರಿದೆವು, ಗಣಪತಿ ಮುಳುಗಿಸಿದೆವು, ಕೊನೆಗೆ ಈ ಊರಿಗೆ ನೀರೇ ಇಲ್ಲ ಎಂದು ಅತ್ತೆವು. ಕಳೆದ ದಶಕದಲ್ಲಿ ತಾಜ್ ಬಾವಡಿಯ ಹೂಳು ತೆಗೆದಾಗ ತಳದಲ್ಲಿ ಒರತೆ ಇನ್ನೂ ಜೀವಂತ ಇತ್ತು.

ತುರ್ಪಾನಿನ ಎರಡನೆಯ ಕಸುಬೂ ಇಲ್ಲಿಗೆ ಬಂದಿದೆ, ಅದೂ ನಮ್ಮ ಕಾಲದಲ್ಲೇ. ತಿಕೋಟಾ, ಬಬಲೇಶ್ವರದ ಕಡೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಒಣದ್ರಾಕ್ಷಿಯ ಶೆಡ್‌ಗಳನ್ನು ನೋಡಬೇಕು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಗೊನೆ ಅದ್ದಿ ತೆಗೆಯುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಮೇಣ ಸಡಿಲಾಗುತ್ತದೆ. ಮೇಲೆ ಚಾವಣಿ, ಸುತ್ತ ತೆರೆದ ಗಾಳಿ, ನಡುವೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆ. ಎರಡು ಮೂರು ವಾರದಲ್ಲಿ ಹಸಿರು ಹಣ್ಣು ಹೊಂಬಣ್ಣದ ಒಣದ್ರಾಕ್ಷಿಯಾಗುತ್ತದೆ. ಒಲೆ ಬೇಡ, ಯಂತ್ರ ಬೇಡ, ಒಣ ಗಾಳಿ ಸಾಕು. ಮಾರ್ಚಿನಲ್ಲಿ ಅಕಾಲಿಕ ಮಳೆ ಬಂದರೆ ಆ ಶೆಡ್ಡಿನ ಮಾಲೀಕ ಆಕಾಶಕ್ಕೆ ಶಾಪ ಹಾಕುತ್ತಾನೆ. ಇಂಡಿಯ ಲಿಂಬೆಯದ್ದೂ ಹೆಚ್ಚುಕಡಿಮೆ ಇದೇ ಕಥೆ. ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಬಾಡುವ ತನಕ ಬಾಯಾರಿಸಿ, ಆಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಗಿಡ ಮೈತುಂಬ ಹೂ ಬಿಡುತ್ತದೆ. ಇದಕ್ಕೆ ಬಹಾರ ಎನ್ನುತ್ತಾರೆ. ಯಾವಾಗಲೂ ನೆಂದೇ ಇರುವ ನೆಲದಲ್ಲಿ ಬಹಾರ ಹಿಡಿಯುವುದು ಕಷ್ಟ. ಆ ಲಿಂಬೆಗೆ ಇಂದು ಭೌಗೋಳಿಕ ಸೂಚಕದ ಮನ್ನಣೆ ಇದೆ, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಂಡಿಯಲ್ಲೇ ಇದೆ. ಒಣಹವೆ ಶಾಪವಾಗಿದ್ದರೆ ಈ ಹಣ್ಣು ಇಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಹಾಗಾದರೆ ಈ ಶಾಪದ ಕಥೆ ಎಲ್ಲಿಂದ ಬಂತು? 1876–78ರ ದೊಡ್ಡ ಬರಗಾಲದಿಂದ. ಆಗ ಈ ಭಾಗ ಕಲಾದಗಿ ಜಿಲ್ಲೆಯಲ್ಲಿತ್ತು. 1872ರ ಜನಗಣತಿಗೂ 1881ರದಕ್ಕೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕುಸಿಯಿತು. ಮಳೆ ಹೋಗಿದ್ದು ನಿಜ. ಆದರೆ ಜನ ಸತ್ತದ್ದು ಮಳೆ ಹೋದದ್ದಕ್ಕಷ್ಟೇ ಅಲ್ಲ. ಕಾಳಿನ ಬೆಲೆ ಕೈಗೆಟುಕದಂತೆ ಏರಿತು, ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದವರ ಕೂಲಿಯನ್ನು 1877ರಲ್ಲಿ ರಿಚರ್ಡ್ ಟೆಂಪಲ್‌ನ ಸಲಹೆಯಂತೆ ಇನ್ನೂ ಇಳಿಸಿದರು. ನಂತರ ಕೂತ 1880ರ ಕ್ಷಾಮ ಆಯೋಗವೇ, ದೇಶದಲ್ಲಿ ಕಾಳಿಗಿಂತ ಕಾಳು ಕೊಳ್ಳುವ ದುಡಿಮೆಯ ಕೊರತೆ ದೊಡ್ಡದಾಗಿತ್ತು ಎಂಬ ತೀರ್ಮಾನಕ್ಕೆ ಬಂತು. ಆಡಳಿತದ ತಪ್ಪನ್ನು ಆಕಾಶದ ತಲೆಗೆ ಕಟ್ಟುವುದು ಆಳುವವರಿಗೆ ಯಾವಾಗಲೂ ಅನುಕೂಲ. ಬ್ರಿಟಿಷರು ಹೋದರು, ಕಥೆಯನ್ನು ನಮ್ಮವರು ಮುಂದುವರಿಸಿದರು. ಬರ ಎಂದರೆ ಪರಿಹಾರ, ಪರಿಹಾರ ಎಂದರೆ ಟೆಂಡರ್.

ಆ ಕಥೆ ಈಗ ದರಪಟ್ಟಿಗೂ ಇಳಿದಿದೆ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ಎತ್ತರ ಹೆಚ್ಚಿಸಿದರೆ ಮುಳುಗುವ ಜಮೀನಿಗೆ 2025ರಲ್ಲಿ ರಾಜ್ಯ ಸರ್ಕಾರ ಗೊತ್ತುಮಾಡಿದ ಬೆಲೆ: ನೀರಾವರಿ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ. ನೀರಾವರಿಗೆ ಪಂಪು, ಪೈಪು ಹಾಕಿದ ಖರ್ಚಿದೆ ಎನ್ನುವ ಸಮಜಾಯಿಷಿ ಅರ್ಥವಾಗುತ್ತದೆ. ಆದರೆ ತಲೆಮಾರುಗಳಿಂದ ಒಡ್ಡು ಹಾಕಿ, ಹಿಂಡು ತಂಗಿಸಿ, ಎಡೆ ಹೊಡೆದು ಹದ ಮಾಡಿದ ಆಳವಾದ ಎರಿಯ ಖರ್ಚು ಯಾವ ಕಾಲಮ್ಮಿನಲ್ಲಿದೆ?

ಇನ್ನು ಮೂರನೆಯ ಕಾಲು: ನೀರು ಸುರಿದರೆ ಉದ್ಧಾರ. ಆಲಮಟ್ಟಿಗೆ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಇಂದು ಮುಳವಾಡ, ಚಿಮ್ಮಲಗಿ, ತುಬಚಿ–ಬಬಲೇಶ್ವರ, ಇಂಡಿ ಎಂದು ಏತ ನೀರಾವರಿಗಳ ಸಾಲೇ ಇದೆ. ಇವುಗಳಿಂದ ಕೆರೆ ತುಂಬಿಸಿದ್ದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ; ಬತ್ತಿದ್ದ ಬಾವಿ, ಬೋರುಗಳಿಗೆ ಜೀವ ಬಂದಿದೆ. ತಕರಾರು ಇರುವುದು ಕಾಲುವೆಯ ನೀರು ಯಾವ ಹೊಲಕ್ಕೆ, ಯಾವ ಬೆಳೆಗೆ ಎಂಬುದರಲ್ಲಿ. ಕಾಲುವೆಯ ನೀರು ತಗ್ಗಿಗೆ ಹರಿಯುತ್ತದೆ. ತಗ್ಗಿನಲ್ಲಿರುವುದು ಆಳವಾದ ಎರಿ, ತನ್ನ ನೀರನ್ನು ತಾನೇ ಹಿಡಿದಿಡಬಲ್ಲ ನೆಲ, ಕಾಲುವೆ ಎಲ್ಲಕ್ಕಿಂತ ಕಡಿಮೆ ಬೇಕಾದ ನೆಲ. ದಿಬ್ಬದ ಮೇಲಿರುವುದು ತೆಳುವಾದ ಮಸಾರಿ, ಒಂದು ಮಳೆ ತಪ್ಪಿದರೆ ಬೆಳೆ ಒಣಗುವ ನೆಲ. ಅಲ್ಲಿಗೆ ನೀರು ಕೊನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ಲಂಬಾಣಿ ತಾಂಡಾಗಳು ಬಹುಪಾಲು ಇರುವುದು ಇಂಥ ದಿಬ್ಬಗಳಲ್ಲೇ.

ತಗ್ಗಿನ ಎರಿಗೆ ನೀರು ಬಂದ ಕೂಡಲೇ ಏನಾಗುತ್ತದೆ? ಜೋಳ ಹೋಗಿ ಕಬ್ಬು ಬರುತ್ತದೆ. ಜೋಳಕ್ಕೆ ಒಟ್ಟು ಬೇಕಾಗುವುದು 400 ಮಿಲಿಮೀಟರಿನ ಆಸುಪಾಸು. ಕಬ್ಬಿಗೆ ಸುಮಾರು 2,000. ಒಂದು ಎಕರೆ ಕಬ್ಬೆಂದರೆ 80 ಲಕ್ಷ ಲೀಟರ್ ನೀರು. ಆ ನೀರಿನಲ್ಲಿ ಮಸಾರಿಯ ಎಷ್ಟು ಎಕರೆಗೆ ಒಂದೊಂದು ಆಪತ್ಕಾಲದ ನೀರು ಕೊಡಬಹುದಿತ್ತು ಎಂದು ಲೆಕ್ಕ ಹಾಕಿ: ಒಂದು ಸರದಿಗೆ 50 ಮಿಲಿಮೀಟರಿನಂತೆ 40 ಎಕರೆಗೆ. ಒಬ್ಬನ ಕಬ್ಬಿಗೆ ನಲವತ್ತು ಎಕರೆಯ ತೊಗರಿ ಕಡಲೆ ಬಲಿ.

ಎರಿ ನೀರು ಹಿಡಿಯುತ್ತದೆ, ಬಿಡುವುದಿಲ್ಲ. ಅದೇ ಅದರ ಗುಣ, ಕಾಲುವೆಯ ಕೆಳಗೆ ಅದೇ ಅದರ ರೋಗ. ಬಸಿಗಾಲುವೆ ಇಲ್ಲದೆ ವರ್ಷಗಟ್ಟಲೆ ನೀರುಣಿಸಿದರೆ ಅಂತರ್ಜಲ ಮೇಲೇರುತ್ತದೆ, ಅದರ ಜೊತೆ ಮಣ್ಣಿನಾಳದ ಉಪ್ಪೂ ಏರುತ್ತದೆ, ಬಿಸಿಲಿಗೆ ನೀರು ಹಾರಿ ಉಪ್ಪು ಮೇಲೆ ಉಳಿಯುತ್ತದೆ. ಸವಳು, ಜವಳು ಎಂಬ ಎರಡು ಪದಗಳು ತುಂಗಭದ್ರಾ, ಮಲಪ್ರಭಾ, ಘಟಪ್ರಭಾ ಅಚ್ಚುಕಟ್ಟಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಡೋಣಿ ನದಿಯ ದಂಡೆಯವರಿಗೂ ಬೇಕಿಲ್ಲ. ಜತ್ತದ ಕಡೆ ಹುಟ್ಟಿ ಈ ಜಿಲ್ಲೆಯನ್ನು ಅಡ್ಡ ಹಾಯ್ದು ಕೃಷ್ಣೆಗೆ ಸೇರುವ ಡೋಣಿಯ ನೀರೇ ಸವಳು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು, ಅದು ಉಕ್ಕಿ ಹೊಸ ಮಣ್ಣು ಹಾಸಿ ಹಿಂದೆ ಸರಿದ ಮೇಲೆ ಆ ತೇವದಲ್ಲೇ ಜೋಳ ಬಿತ್ತಿದವರಿಂದ. ಬಂದು ಹೋಗುವ ನೀರು ಜೋಳ ಕೊಟ್ಟಿತು; ನಿಂತ ನೀರು ಉಪ್ಪು ಕೊಡುತ್ತದೆ.

ಈಜಿಪ್ಟಿನ ಸೀವಾ ಓಯಸಿಸ್‌ನವರು ಇದನ್ನು ಅನುಭವಿಸಿ ಕಲಿತಿದ್ದಾರೆ. ಅಲ್ಲಿ ಉಪ್ಪುಮಣ್ಣಿನ ಗಟ್ಟಿಯಿಂದ ಮನೆ ಕಟ್ಟುತ್ತಿದ್ದರು, ಮಳೆಯೇ ಇಲ್ಲದ ಊರಿಗೆ ಅದು ಭದ್ರ. 1926ರಲ್ಲಿ ಮೂರು ದಿನ ಸುರಿದ ಮಳೆಗೆ ಅವರ ಹಳೆಯ ಕೋಟೆಯೂರು ಶಾಲಿ ಕರಗಿ ಕುಸಿಯಿತು. ಆಮೇಲೆ ಆಧುನಿಕ ಕಾಲ ಬಂತು. ನೀರು ಹೆಚ್ಚಿದಷ್ಟೂ ಒಳ್ಳೆಯದೆಂದು ಕಂಡಕಂಡಲ್ಲಿ ಬಾವಿ ಕೊರೆದರು. ಬಸಿದು ಹೋಗಲು ದಾರಿಯಿಲ್ಲದ ನೀರು ಉಪ್ಪಿನ ಕೆರೆಗಳಾಗಿ ಬೆಳೆದು ಖರ್ಜೂರ, ಆಲಿವ್ ತೋಟಗಳನ್ನು ನುಂಗತೊಡಗಿತು. ಸಹಾರಾದ ಊರು ಒದ್ದಾಡುತ್ತಿರುವುದು ಹೆಚ್ಚಾದ ನೀರಿನಿಂದ. ಇನ್ನು ನಮ್ಮ ಆದರ್ಶವಾದ ಪಂಜಾಬ್. ನೆಲ ಮರಳಿ ತುಂಬಿಕೊಳ್ಳುವುದರ ಒಂದೂವರೆ ಪಟ್ಟು ಅಂತರ್ಜಲವನ್ನು ಎತ್ತುತ್ತಿರುವ ರಾಜ್ಯ ಅದು. ವಿಜಯಪುರವನ್ನು ಪಂಜಾಬ್ ಮಾಡುತ್ತೇವೆ ಎಂಬುದು ಆಶ್ವಾಸನೆಯೋ ಬೆದರಿಕೆಯೋ?

ಇಷ್ಟಾದ ಮೇಲೆ ಬರುವ ಆಕ್ಷೇಪಗಳು ಗೊತ್ತಿರುವವೇ. ಒಣಬೇಸಾಯ ಅಷ್ಟು ಚೆನ್ನಾಗಿದ್ದರೆ ಜನ ಗೋವಾ, ಪುಣೆ, ಮುಂಬಯಿಗೆ ಗುಳೆ ಹೋಗುವುದೇಕೆ? ಹೋಗುವವರು ಯಾರು ಎಂದು ನೋಡಿದರೆ ಉತ್ತರ ಸಿಗುತ್ತದೆ. ಗುಳೆಯ ಲಾರಿ ಹತ್ತುವವರಲ್ಲಿ ಹೆಚ್ಚಿನವರು ಭೂಮಿಯಿಲ್ಲದವರು, ತುಂಡು ಮಸಾರಿಯವರು, ತಾಂಡಾದವರು. ಅವರನ್ನು ಊರು ಬಿಡಿಸುವುದು ಹೊಲವಿಲ್ಲದ್ದು, ಕೂಲಿಯಿಲ್ಲದ್ದು, ಸಾಲ. ಎರಿಯ ಕಬ್ಬಿಗೆ ನೀರು ಹರಿದರೆ ಅವರ ಪಾಲಿಗೆ ಬರುವುದು ಕಬ್ಬು ಕಡಿಯುವ ಕೊಯ್ತ, ಅಂದರೆ ಇನ್ನೊಂದು ಗುಳೆ.

ಬಡತನವನ್ನು ವೈಭವೀಕರಿಸುತ್ತೀರಿ ಎನ್ನುವುದು ಇನ್ನೊಂದು ಆಕ್ಷೇಪ. ಮೈಲುಗಟ್ಟಲೆ ಕೊಡ ಹೊತ್ತ ಹೆಂಗಸರ ಕಷ್ಟದಲ್ಲಿ ವೈಭವವೇನೂ ಇಲ್ಲ. ಕುಡಿಯುವ ನೀರು ಮನೆಬಾಗಿಲಿಗೆ ಬರಬೇಕು, ಯಾವ ನದಿಯಿಂದಾದರೂ ಬರಲಿ. ಹಗೇವಿಗೆ ಮರಳಿ, ಕಪಿಲೆ ಹೊಡೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಕೃಷಿ ಮಾಡುವವನಿಗೆ ನೀರು ಬೇಡವೆಂದೂ ಅಲ್ಲ. ಸ್ವಲ್ಪ ನೀರಿನಿಂದ ಹೆಚ್ಚು ಬೆಳೆಯುವ ವಿದ್ಯೆ ಕೈಯಲ್ಲಿದ್ದವರಿಗೆ ಸ್ವಲ್ಪ ನೀರು ಹೆಚ್ಚು ಕೊಟ್ಟರೆ ಅವರು ಚಿನ್ನ ಬೆಳೆಯುತ್ತಾರೆ. ಆ ವಿದ್ಯೆಯನ್ನೇ ಮರೆಸಿ ಬೇಕಾಬಿಟ್ಟಿ ನೀರು ಕೊಟ್ಟರೆ ಉಪ್ಪು ಬೆಳೆಯುತ್ತಾರೆ. ವಾದ ಇಷ್ಟೇ.

ಹೊಲದ ಜೋಳಕ್ಕೆ ಬೆಲೆಯಿಲ್ಲವಲ್ಲ ಎಂದರೆ, ಬೆಲೆ ಇಲ್ಲದ್ದು ನೆಲದ ತಪ್ಪಲ್ಲ. 2023ನ್ನು ಜಗತ್ತು ಸಿರಿಧಾನ್ಯದ ವರ್ಷವೆಂದು ಆಚರಿಸಿತು, ವೇದಿಕೆಗಳಲ್ಲಿ ಜೋಳದ ರೊಟ್ಟಿ ತಿಂದು ಫೋಟೋ ತೆಗೆಸಿಕೊಂಡದ್ದಾಯಿತು. ಬೆಳೆದ ಊರಿನ ಪಡಿತರ ಚೀಲದಲ್ಲಿ ಮಾತ್ರ ಬಹುಪಾಲು ಅಕ್ಕಿಯೇ. ಜೋಳ ತಿನ್ನುವ ಜನರಿಗೆ ಅಕ್ಕಿ ಹಂಚಿ, ಜೋಳ ಬೆಳೆಯುವವನಿಗೆ ಕಬ್ಬು ಹಚ್ಚೆಂದು ಹೇಳಿ, ಆಮೇಲೆ ಒಣಬೇಸಾಯ ಲಾಭದಾಯಕವಲ್ಲ ಎಂದು ವರದಿ ಬರೆಯುವುದು ಯಾವ ನ್ಯಾಯ?

ಈ ಸೀಮೆ ನೀರಿನ ವಿವೇಕವನ್ನು ಯಾರಿಂದಲೂ ಸಾಲ ತರಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಮನಗೂಳಿಯ ಶಾಸನಗಳು ದೇವಾಲಯಕ್ಕೆ ದತ್ತಿ ಬಿಡುವಷ್ಟು ತುಂಬಿದ ಊರನ್ನು ತೋರಿಸುತ್ತವೆ. ಅದೇ ಶತಮಾನದಲ್ಲಿ ಪಕ್ಕದ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಶರಣ ಸಿದ್ಧರಾಮ ಕೆರೆ ಕಟ್ಟುವುದನ್ನೇ ಕಾಯಕ ಮಾಡಿಕೊಂಡ. ಆಗ ಈ ಕಾಲುವೆಗಳು ಇರಲಿಲ್ಲ.

ಆದ್ದರಿಂದ ಬೇಡಿಕೆಯ ಪಟ್ಟಿಯನ್ನು ತಿರುಗಿಸಿ ಬರೆಯಬೇಕು. ಕಾಲುವೆ ನೀರು ಮೊದಲು ಕೆರೆಗೆ, ಆಮೇಲೆ ಮಸಾರಿ ದಿಬ್ಬಕ್ಕೆ, ಕೊನೆಗೆ ಎರಿಗೆ. ಎರಿಗೆ ಕೊಟ್ಟರೂ ಆಪತ್ಕಾಲಕ್ಕೊಂದು ಎರಡು ಸರದಿ ಮಾತ್ರ. ಬಸಿಗಾಲುವೆ ತೋಡದೆ ಹೊಲಗಾಲುವೆ ತೋಡಬಾರದು. ಹೊಸ ಸಕ್ಕರೆ ಕಾರ್ಖಾನೆಗೆ ಪರವಾನಗಿ ಕೊಡುವ ಮುನ್ನ ಅದರ ಕಬ್ಬು ಕುಡಿಯುವ ನೀರಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕು. ಜಿಲ್ಲೆಯ ಪಡಿತರಕ್ಕೆ ಜಿಲ್ಲೆಯ ಬಿಳಿಜೋಳವನ್ನೇ ಕೊಳ್ಳಬೇಕು. ಉಳಿದ ಬಾವಡಿಗಳ ಹೂಳೆತ್ತಿ, ತೊರವಿಯ ಸುರಂಗದ ಬಾಯಿಗಳ ಮೇಲೆ ಮನೆ ಕಟ್ಟುವುದನ್ನು ನಿಲ್ಲಿಸಬೇಕು.

ಮುಂದಿನ ಸಲ ವೇದಿಕೆಯ ಮೇಲಿಂದ ಯಾರಾದರೂ ನಿಮ್ಮ ಊರನ್ನು ಮರುಭೂಮಿ ಎಂದರೆ ಚಪ್ಪಾಳೆ ತಟ್ಟಬೇಡಿ. ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ: ನೀವು ತರುವ ನೀರಿನಲ್ಲಿ ಮಸಾರಿಯ ಪಾಲೆಷ್ಟು? ಬಸಿಗಾಲುವೆಗೆ ಇಟ್ಟ ದುಡ್ಡೆಷ್ಟು? ಇವಕ್ಕೆ ಉತ್ತರವಿಲ್ಲದವರು ತರುವ ನೀರು ಇವತ್ತು ಕಬ್ಬು ಬೆಳೆಯಬಹುದು. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಈ ಎರಿ ನಿಜವಾಗಿಯೂ ಮರುಭೂಮಿಯಾದರೆ, ಅದು ಆಕಾಶದ ಕೆಲಸವಾಗಿರುವುದಿಲ್ಲ.